ಬರೆಯದ ನಿಯಮ ಮತ್ತು ನಮ್ಮ ಕನಸಿನ ಗೇಮು

ಜಿನನಾಥಪುರದ ಶಾಂತಿನಾಥ ಬಸದಿಯ ಆಚೆ ಮರದ ನೆರಳಲ್ಲಿ ಹುಡುಗನೊಬ್ಬ ಕೂತು ಫೋನಿನಲ್ಲಿ ಗುಂಡು ಹಾರಿಸುತ್ತಿದ್ದ. ನಾವು ಮೂವರು ಶ್ರವಣಬೆಳಗೊಳದಿಂದ ಚಿಕ್ಕಬೆಟ್ಟದ ಬಗಲಲ್ಲಿ ನಡೆದು ಬಸದಿ ನೋಡಲು ಹೋಗಿದ್ದವರು. ಕೆತ್ತನೆ ನೋಡುವುದನ್ನು ಬಿಟ್ಟು ಅವನ ಹೆಗಲ ಮೇಲಿಂದ ಫೋನನ್ನೇ ನೋಡುತ್ತ ನಿಂತೆವು. "ಏನ್ಲಾ, ಬೆಳಗಿಂದ ಇದೇನಾ ಕೆಲ್ಸ?" ಅಂದೆವು. ಅವನು ತಲೆ ಎತ್ತಲಿಲ್ಲ. "ಇಲ್ಲಿ ನೂರು ಜನ ಒಂದೇ ಇಮಾನದಿಂದ ನೆಗೀತಾರೆ ಕಣಣ್ಣ. ಎಲ್ರ ಕೈನೂ ಖಾಲಿ. ಯಾರೂ ನೀನ್ಯಾವ ಕೇರಿಯೋನು ಅನ್ನಾಕಿಲ್ಲ" ಅಂದ.

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಮ್ಮ ಪತ್ರಿಕೆಗಳು ಕವಿತೆಯನ್ನು, ಕಾದಂಬರಿಯನ್ನು, ನಾಟಕವನ್ನು, ಸಿನಿಮಾವನ್ನು ಜರಡಿ ಹಿಡಿದು ನೋಡಿವೆ. ಯಾರ ಕಣ್ಣಿನಿಂದ ಕಂಡದ್ದು, ಯಾರ ಬೆವರನ್ನು ಮರೆಮಾಚಿದ್ದು ಎಂದು ಕೇಳಿವೆ. ಆದರೆ ನಮ್ಮ ತಮ್ಮಂದಿರು, ತಂಗಿಯರು ದಿನಾ ಗಂಟೆಗಟ್ಟಲೆ ಕೈಯಲ್ಲಿ ಹಿಡಿದಿರುವ ಗೇಮನ್ನು ಯಾರೂ ಹಾಗೆ ಕೇಳುತ್ತಿಲ್ಲ. ಮೇಷ್ಟ್ರು "ಹಾಳು ಚಟ" ಅಂತಾರೆ. ಡಿಗ್ರಿ ಮಾಡಿ ನಾಲ್ಕು ಪುಸ್ತಕದ ಭಾಷೆ ಕಲಿತ ನಾವು "ಬಂಡವಾಳಶಾಹಿಯ ಅಫೀಮು" ಅಂದುಬಿಡ್ತೀವಿ. ಎರಡು ಮಾತೂ ಆ ಹುಡುಗ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಅವನು ಗೇಮಿನಲ್ಲಿ ಹುಡುಕುತ್ತಿದ್ದದ್ದು ಗುಂಡಿನ ಸದ್ದನ್ನಲ್ಲ, ಕೇರಿ ಕೇಳದ ಒಂದು ಜಾಗವನ್ನು. ಹಾಗಿದ್ದ ಮೇಲೆ ನಮಗೆ ಬೇಕಾದ ಗೇಮು ಎಂಥದ್ದು? ಕನಸು ಕಾಣುವ ಮೊದಲು ಕೈಯಲ್ಲಿ ಇರುವುದನ್ನು ನೆಟ್ಟಗೆ ನೋಡೋಣ.

ಹುಡುಗ ಆಡುತ್ತಿದ್ದದ್ದು ಪಬ್ಜಿಯ ಇಂಡಿಯಾ ರೂಪ. ಪಬ್ಜಿ ಮೊಬೈಲ್ 2018ರಲ್ಲಿ ಬಂತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಮರಳಿತು, 2022ರಲ್ಲಿ ಮತ್ತೆ ತಡೆಯಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಹೆಸರು ಬದಲಾದರೂ ನಿಯಮ ಒಂದೇ. 100 ಜನ ಬರಿಗೈಲಿ ಇಳಿಯುತ್ತಾರೆ, ನಿಲ್ಲಲು ಇರುವ ಜಾಗ ಕಿರಿದಾಗುತ್ತಾ ಹೋಗುತ್ತದೆ, ಕಡೆಗೆ ಉಳಿದವನೋ ಉಳಿದ ತಂಡವೋ ಗೆದ್ದ ಹಾಗೆ.

ಇದರ ಮೊದಲ ನಿಮಿಷ ನಮ್ಮ ಹುಡುಗರನ್ನು ಯಾಕೆ ಸೆಳೆಯುತ್ತದೆ ಎಂಬುದು ಈಗ ಅರ್ಥವಾಗುತ್ತದೆ. ಹುಟ್ಟಿನ ಭಾರವಿಲ್ಲದೆ ನೆಲಕ್ಕೆ ಇಳಿಯುವ ಆ ನಿಮಿಷ ನಮ್ಮ ಬದುಕಿನಲ್ಲಿ ಬಂದೇ ಇಲ್ಲ. ಆದರೆ ಆ ನಿಮಿಷ ಆದ ಮೇಲೆ? ಪಕ್ಕದಲ್ಲಿ ಇಳಿದವನೇ ಶತ್ರು. ಅವನು ಸತ್ತರೇ ನೀನು ಬದುಕಬೇಕು. 8,000 ರೂಪಾಯಿಯ ಫೋನು ತಡವರಿಸುವಷ್ಟರಲ್ಲಿ 50,000 ರೂಪಾಯಿಯ ಫೋನು ಗುಂಡು ಹೊಡೆದಾಗಿರುತ್ತದೆ. ಖಾಲಿ ಕೈ ಅನ್ನುವುದು ತೆರೆಯ ಒಳಗೆ ಮಾತ್ರ ಖಾಲಿ, ತೆರೆಯ ಹೊರಗೆ ಯಾರದೋ ಕೈ ತುಂಬಿದೆ. "ಎಲ್ರೂ ಒಂದೇ ಪರೀಕ್ಷೆ ಬರೀರಿ, ಮೀಸಲಾತಿ ಯಾಕೆ" ಅನ್ನುವವರ ಬಾಯಲ್ಲಿ ಇದೇ ಸಮಾನತೆಯನ್ನು ನಾವು ಕೇಳಿದ್ದೇವೆ. ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ಗೇಮು ಅವನಿಗೆ ಹೇಳುವುದಿಲ್ಲ.

ಪಬ್ಜಿ ನಿಂತಾಗ ಅದರ ಜಾಗ ಹಿಡಿಯಲು ಬಂದದ್ದು ಬೆಂಗಳೂರಿನದೇ ಒಂದು ಕಂಪನಿಯ ಫೌ-ಜಿ. ಗಲ್ವಾನ್ ಕಣಿವೆಯ ಕದನದ ಕತೆ ಇಟ್ಟುಕೊಂಡು 2021ರ ಜನವರಿ 26ರಂದು ಬಿಡುಗಡೆಯಾಯಿತು. ದಿನವನ್ನು ಗಮನಿಸಿ ಗೆಳೆಯರೇ, ಗಣರಾಜ್ಯೋತ್ಸವ! ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನ ಜಾರಿಯಾದ ದಿನ. ಆ ದಿನ ನಮ್ಮ ಕೈಗೆ ಕೊಟ್ಟದ್ದು ಗಡಿಯಲ್ಲಿ ಹೊಡೆದಾಡುವ ಆಟ. ಊರೊಳಗಿನ ಗಡಿಗಳ ಮೇಲೆ ಯಾವ ಗೇಮೂ ಇಲ್ಲ.

ಇನ್ನು ಒಳ್ಳೆಯ ಗೇಮು ಅನ್ನಿಸಿಕೊಂಡ ಒಂದನ್ನು ತೆಗೆದುಕೊಳ್ಳೋಣ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ'. ಇದರ ಚಿತ್ರಕೆಲಸ ಚಂದ, ಅದನ್ನು ಒಪ್ಪಬೇಕು. ನಾಯಕಿ ಒಬ್ಬ ಹುಡುಗಿ, ಕಸರತ್ತು ಮಾಡಿ ಹೊಟ್ಟೆ ಹೊರೆಯುವವಳು. ಕಳೆದುಹೋದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಇಲ್ಲಿವರೆಗೆ ನಮ್ಮವಳೇ. ಆದರೆ ಅವಳು ಗೆಲ್ಲುವುದು ಯಾಕೆ? ದೇವರುಗಳು ಅವಳನ್ನು ಆರಿಸಿಕೊಂಡದ್ದರಿಂದ, ಆಯುಧ ಕೊಟ್ಟದ್ದರಿಂದ. ಅವಳ ಎದುರು ನಿಲ್ಲುವವರು ಅಸುರರು, ಅವರ ದೊರೆ ಮಹಾಬಲಾಸುರ. ದೀಪಾವಳಿಗೆ ಬಲೀಂದ್ರನಿಗೆ ದೀಪ ಹಚ್ಚುವ ಜನ ಇರುವ ನಾಡು ಇದು. ಅಸುರ ಎಂದರೆ ಯಾರು, ಅವನನ್ನು ಹೊಡೆಯುವುದು ಯಾಕೆ ಎಂದು ಆ ಗೇಮು ಕೇಳಿಕೊಳ್ಳಲೇ ಇಲ್ಲ.

ಈ 'ಆರಿಸಿಕೊಂಡವಳು' ಎಂಬ ಉಪಾಯ ನಮಗೆ ಹೊಸದಲ್ಲ. ಜಿನನಾಥಪುರದಿಂದ ಹಿಂತಿರುಗಿ ದೊಡ್ಡಬೆಟ್ಟ ಹತ್ತಿದರೆ 58 ಅಡಿಯ ಗೊಮ್ಮಟನ ಎದುರಿಗೆ ಒಬ್ಬ ಮುದುಕಿಯ ವಿಗ್ರಹ ನಿಂತಿದೆ, ಗುಳ್ಳಕಾಯಜ್ಜಿ. ಕತೆ ಎಲ್ಲರಿಗೂ ಗೊತ್ತು. ಚಾವುಂಡರಾಯ ಕೊಡ ಕೊಡ ಹಾಲು ಸುರಿಸಿದ, ಹಾಲು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ತೊಟ್ಟು ಹಾಲು ಇಡೀ ಮೂರ್ತಿಯನ್ನು ತೋಯಿಸಿತು. ದಂಡನಾಯಕನ ಸಂಪತ್ತು ಸೋತು ಬಡವಿಯ ತೊಟ್ಟು ಗೆದ್ದ ಕತೆ. ಎಷ್ಟು ದೊಡ್ಡ ಕತೆ! ಆದರೆ ಕೊನೆಗೆ ಏನು ಹೇಳುತ್ತಾರೆ? ಅವಳು ಮುದುಕಿಯೇ ಅಲ್ಲ, ಕೂಷ್ಮಾಂಡಿನಿ ಯಕ್ಷಿಯೇ ವೇಷ ಮರೆಸಿ ಬಂದಿದ್ದಳು ಅಂತ. ಅಲ್ಲಿಗೆ ಮುಗೀತು. ಬಡವಿ ಗೆಲ್ಲಲಿಲ್ಲ, ಬಡವಿಯ ವೇಷದಲ್ಲಿದ್ದ ದೇವತೆ ಗೆದ್ದಳು. ಮುದುಕಿ ಮುದುಕಿಯಾಗಿಯೇ ಗೆಲ್ಲುವ ಕತೆ ನಮಗೆ ಬೇಕಾಗಿತ್ತು. ರಾಜಿ ಎಂಬ ಹುಡುಗಿಗೂ ಆದದ್ದು ಇದೇ.

ನಮ್ಮ ಕೈಗಳು ಗೇಮು ಮಾಡುತ್ತಿಲ್ಲವೇ ಎಂದರೆ, ಮಾಡುತ್ತಿವೆ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮಿನ ಕಂಪನಿ ಹುಟ್ಟಿತು. ಬಹುಕಾಲ ಅದರ ಮುಖ್ಯ ಕೆಲಸ ಹೊರದೇಶದ ಗೇಮುಗಳಿಗೆ ಚಿತ್ರ ಮಾಡಿಕೊಡುವುದು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಕರ್ನಾಟಕ ಸರ್ಕಾರ ಈ ಉದ್ಯಮಕ್ಕೆಂದೇ 2012ರಲ್ಲಿ ಒಂದು ನೀತಿ ಮಾಡಿತು, 2024ರಲ್ಲಿ ಇನ್ನೊಂದು. ಜಿನನಾಥಪುರದ ಬಸದಿಯನ್ನು 1200ರ ಸುಮಾರಿನಲ್ಲಿ ಕಟ್ಟಿಸಿದವನು ರೇಚಿಮಯ್ಯ ದಂಡನಾಯಕ ಎಂದು ಚರಿತ್ರೆ ಹೇಳುತ್ತದೆ. ಗೋಡೆಯ ಮೇಲಿನ ಯಕ್ಷರನ್ನು, ವಾದ್ಯ ನುಡಿಸುವವರನ್ನು, ಕುಣಿಯುವ ಹೆಂಗಸರನ್ನು ಬಿಡಿಸಲು ಆ ಕಲ್ಲನ್ನು ಹೊತ್ತು ತಂದವನ ಹೆಸರು ನಮಗೆ ಯಾರೂ ಹೇಳಿಕೊಡಲಿಲ್ಲ. ಅಂದು ಕಲ್ಲು ಹೊತ್ತೆವು, ಇಂದು ಯಾರದೋ ಊರಿನ ಬೀದಿ, ಕಾರು, ಗೋಡೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇವೆ. ನಮ್ಮ ಬೀದಿಯನ್ನು ಬಿಡಿಸಲು ಯಾರೂ ಕೂಲಿ ಕೊಟ್ಟಿಲ್ಲ.

ಬೇರೆ ಕಡೆ ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಅಲಾಸ್ಕದ ಇನ್ಯುಪಿಯಾಟ್ ಮೂಲನಿವಾಸಿಗಳು ತಮ್ಮ ಸಂಘಟನೆಯ ಮೂಲಕ ಗೇಮು ಮಾಡುವವರ ಜೊತೆ ಕೂತು 2014ರಲ್ಲಿ 'ನೆವರ್ ಅಲೋನ್' ತಂದರು. ಅವರ ಹಿರಿಯರ ಕತೆ, ಅವರ ನುಡಿಯಲ್ಲೇ ನಿರೂಪಣೆ. ಅದಕ್ಕಿಂತ ಮುಖ್ಯವಾಗಿ ಅದರ ನಿಯಮ ನೋಡಿ. ಒಂದು ಹುಡುಗಿ, ಒಂದು ನರಿ. ಹುಡುಗಿ ಹತ್ತಲಾಗದಲ್ಲಿ ನರಿ ಹತ್ತಬೇಕು, ನರಿಗೆ ಆಗದ್ದನ್ನು ಹುಡುಗಿ ಮಾಡಬೇಕು. ಒಬ್ಬರೇ ಮುಂದೆ ಹೋಗುವಂತೆಯೇ ಇಲ್ಲ. 2023ರಲ್ಲಿ ಕೆನಡಾದಿಂದ ಬಂದ 'ವೆಂಬಾ'ದಲ್ಲಿ ವಲಸೆ ಹೋದ ತಮಿಳು ತಾಯಿಯೊಬ್ಬಳು ಇಡ್ಲಿ ಬೇಯಿಸುತ್ತಾಳೆ. ಹರಿದುಹೋದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲನ್ನು ಆಡುವವರು ಊಹಿಸಿ ತುಂಬಬೇಕು. ಬಂದೂಕಿಲ್ಲ, ಅಸುರರಿಲ್ಲ. ಇಡ್ಲಿ ಪಾತ್ರೆಯೂ ಗೇಮಾಗಬಹುದು ಎಂದ ಮೇಲೆ ನಮ್ಮ ಮುದ್ದೆ ಕೋಲು ಯಾಕಾಗಬಾರದು?

ಇಷ್ಟು ಹೇಳಿದ ಮೇಲೆ ಒಂದು ವಿಮರ್ಶೆಯ ಮಾತು. ಗೇಮಿನ ರಾಜಕೀಯ ಅದರ ಚಿತ್ರಕ್ಕಿಂತ ಹೆಚ್ಚಾಗಿ ಅದರ ನಿಯಮದಲ್ಲಿದೆ. ನಾಯಕನ ಮುಖಕ್ಕೆ ಕಪ್ಪು ಬಣ್ಣ ಬಳಿದು, ಅವನ ಮನೆ ಗೋಡೆಗೆ ಅಂಬೇಡ್ಕರ್ ಫೋಟೋ ನೇತುಹಾಕಿ, ಆಮೇಲೆ ಒಬ್ಬನೇ ಎಲ್ಲರನ್ನೂ ಹೊಡೆದು ಗೆಲ್ಲುವ ಗೇಮು ಮಾಡಿದರೆ ಅದು ದಲಿತ ಗೇಮಾಗುವುದಿಲ್ಲ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಹೆಂಗಸು 1904ರಲ್ಲಿ 'ಜಮೀನ್ದಾರನ ಆಟ' ಎಂಬ ಹಲಗೆಯಾಟಕ್ಕೆ ಪೇಟೆಂಟ್ ಪಡೆದಳು. ಜಮೀನು ಕೆಲವರ ಕೈಗೆ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವಳ ಉದ್ದೇಶ. ಅದೇ ಹಲಗೆಯ ಮೇಲೆ ಆಡಲು ಆಮೇಲೆ ಎರಡು ಬಗೆಯ ನಿಯಮ ಬಂದವು. ಒಂದರಲ್ಲಿ ಸಂಪತ್ತು ಬೆಳೆದರೆ ಎಲ್ಲರಿಗೂ ಪಾಲು, ಇನ್ನೊಂದರಲ್ಲಿ ಒಬ್ಬ ಎಲ್ಲವನ್ನೂ ನುಂಗುತ್ತಾನೆ. 1935ರಲ್ಲಿ ಕಂಪನಿಯೊಂದು ಆ ಆಟದ ವಂಶದ 'ಮೊನಾಪಲಿ'ಯನ್ನು ಮಾರಿದಾಗ ನುಂಗುವ ನಿಯಮ ಮಾತ್ರ ಉಳಿದಿತ್ತು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಆಡುವ 'ವ್ಯಾಪಾರ' ಅದರದೇ ಮರಿ. ಹಲಗೆ ಅದೇ, ನಿಯಮ ಬೇರೆ, ಪಾಠ ತಲೆಕೆಳಗು.

ನಮ್ಮಲ್ಲೂ ಒಂದು ನಿಯಮವಿದೆ, ಅದನ್ನು ನಾವೇ ಮರೆತಿದ್ದೇವೆ. ಹುಲಿ-ಕುರಿ ಆಟ. ಹಂಪಿಯೂ ಸೇರಿ ನಾಡಿನ ಎಷ್ಟೋ ಗುಡಿಗಳ ಹಾಸುಗಲ್ಲಿನ ಮೇಲೆ ಹಳೆಯ ಆಟದ ಮನೆಗಳನ್ನು ಕೊರೆದಿದ್ದಾರೆ. ಆ ಕಲ್ಲಿನ ಮೇಲೆ ಕೂರಲು ನಮ್ಮ ಹಿರಿಯರಿಗೆ ಬಿಡಲಿಲ್ಲ. ಅವರು ಕೇರಿಯ ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆದರು. 3 ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬಹುದು. ಕುರಿ ಯಾರನ್ನೂ ತಿನ್ನುವ ಹಾಗಿಲ್ಲ. ಒಂಟಿಯಾಗಿ ನಿಂತ ಕುರಿ ಹುಲಿಗೆ ತುತ್ತು. ಬೆನ್ನಿಗೆ ಇನ್ನೊಂದು ಕುರಿ ನಿಂತರೆ ಹುಲಿ ಹಾರಲಾರದು. ಎಲ್ಲ ಸೇರಿ ಜಾಗ ತುಂಬಿದರೆ ಹುಲಿ ಕಟ್ಟುಬೀಳುತ್ತದೆ. ಹುಲಿ ಸಾಯುವುದಿಲ್ಲ, ಅಲುಗಾಡದಂತೆ ಆಗುತ್ತದೆ, ಅಷ್ಟೇ. ನಮ್ಮಲ್ಲೊಬ್ಬನ ಅಜ್ಜಿ ಈ ಆಟ ಹೇಳಿಕೊಡುತ್ತಾ, "ಬೆನ್ನು ಖಾಲಿ ಬಿಡಬ್ಯಾಡ ಕಣ್ಲಾ ಮಗ" ಅನ್ನುತ್ತಿದ್ದಳು. ಸಂಘಟನೆಯ ಬಗ್ಗೆ ಆಮೇಲೆ ನಾವು ಓದಿದ್ದರಲ್ಲಿ ಈ ಮಾತಿಗಿಂತ ನೇರವಾದದ್ದು ಸಿಕ್ಕಿಲ್ಲ.

ಹಾಗಾದರೆ ಇದ್ದಿಲಿನ ಆಟವೇ ಸಾಲದೇ, ವಿಡಿಯೋ ಗೇಮು ಯಾಕೆ ಬೇಕು? ಬೇಕು. ಒಂದು ಕಾರಣಕ್ಕಾಗಿ ಬೇಕೇ ಬೇಕು.

ಕಂಪ್ಯೂಟರಿಗೆ ಬಾಯಿಮಾತಿನ ನಿಯಮ ಅರ್ಥವಾಗುವುದಿಲ್ಲ. ಪ್ರತಿಯೊಂದನ್ನೂ ಸಾಲುಸಾಲಾಗಿ ಬರೆದು ಕೊಡಬೇಕು. ಇವನು ಈ ಬಾಗಿಲಿಗೆ ಬಂದರೆ ಬಾಗಿಲು ತೆರೆಯಲಿ, ಅವನು ಬಂದರೆ ತೆರೆಯದಿರಲಿ, ಎಂದು ಬರೆಯಬೇಕು. ಯಾಕೆ ತೆರೆಯಬಾರದು ಎಂಬುದಕ್ಕೆ ಷರತ್ತು ಬರೆಯಬೇಕು. ಆದರೆ ಜಾತಿ ನಮ್ಮೂರುಗಳಲ್ಲಿ ಇವತ್ತು ಬದುಕಿರುವುದೇ ಬರೆಯದೆ ಇರುವುದರಿಂದ. ಯಾವ ಹೋಟೆಲಿನಲ್ಲೂ ಬೋರ್ಡು ಇಲ್ಲ, ಆದರೆ ಎಷ್ಟೋ ಕಡೆ ಬೇರೆ ಲೋಟ ಇದೆ. ಯಾವ ಬಾಡಿಗೆ ಚೀಟಿಯಲ್ಲೂ ಇಲ್ಲ, ಆದರೆ ಹೆಸರು ಕೇಳಿದ ಮೇಲೆ "ಮನೆ ಆಗ್ಲೇ ಕೊಟ್ಬುಟ್ವಿ" ಅನ್ನುವ ಮಾತು ಇದೆ. ಕೇಳಿದರೆ "ಮೊದ್ಲಿಂದ ಹಂಗೇ ನಡ್ಕೊಂಡು ಬಂದದೆ" ಅಂತಾರೆ. ಕಂಪ್ಯೂಟರಿಗೆ "ಮೊದ್ಲಿಂದ ಹಂಗೇ" ಅಂದರೆ ಅದು ಕೆಲಸ ಮಾಡದೆ ನಿಂತುಬಿಡುತ್ತದೆ. ಮನುಷ್ಯರು ನಿಲ್ಲಲಿಲ್ಲ, ಯಂತ್ರ ನಿಲ್ಲುತ್ತದೆ.

ಬರೆದ ನಿಯಮ ಬೇರೆ, ಆಡುವ ನಿಯಮ ಬೇರೆ ಎಂಬುದನ್ನು ಬಾಬಾಸಾಹೇಬರು ಮಹಾಡದಲ್ಲಿ ಕಂಡಿದ್ದರು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲೇ ಮುಂಬಯಿ ಶಾಸನ ಪರಿಷತ್ತು ಗೊತ್ತುವಳಿ ಮಾಡಿತ್ತು. ಮಹಾಡದ ಪುರಸಭೆಯೂ ಅದನ್ನು ಒಪ್ಪಿತ್ತು. ಕಾಗದದ ಮೇಲೆ ಚೌದಾರ್ ಕೆರೆ ತೆರೆದೇ ಇತ್ತು. ಆದರೂ ಬೊಗಸೆ ನೀರು ಕುಡಿಯಲು 1927ರ ಮಾರ್ಚ್ 20ರಂದು ಸಾವಿರಾರು ಜನ ಒಟ್ಟಿಗೆ ನಡೆದು ಹೋಗಬೇಕಾಯಿತು. ಕುಡಿದ ಮೇಲೆ ಏಟೂ ತಿಂದರು. ಇವತ್ತು ಸಂವಿಧಾನದ 17ನೇ ವಿಧಿ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬರೆದ ನಿಯಮಕ್ಕೆ ಕೊರತೆಯಿಲ್ಲ. ಬರೆಯದ್ದನ್ನು ಬರೆಸಬೇಕಾಗಿದೆ.

ಇಲ್ಲಿಂದ ನಮ್ಮ ಕನಸಿನ ಗೇಮು ಶುರುವಾಗುತ್ತದೆ.

ಅದರಲ್ಲಿ ಒಂದು ಊರು. ಹೆಸರಿಲ್ಲ, ಯಾಕೆಂದರೆ ಒಂದೂರಿನ ಹೆಸರಿಟ್ಟರೆ ಉಳಿದ ಊರುಗಳು "ನಮ್ಮಲ್ಲಿ ಹಂಗಿಲ್ಲಪ್ಪ" ಅಂದು ತಪ್ಪಿಸಿಕೊಳ್ಳುತ್ತವೆ. ಬಾವಿ, ಕೆರೆ ಏರಿ, ಶಾಲೆ, ಹೋಟೆಲು, ನ್ಯಾಯಬೆಲೆ ಅಂಗಡಿ, ಅರಳಿಕಟ್ಟೆ, ಗುಡಿ, ಬಸ್ ಸ್ಟಾಪು. ಒಬ್ಬರೇ ಆಡುವಂತಿಲ್ಲ, ಕನಿಷ್ಠ 6 ಜನ ಬೇಕು. ಶುರುವಿಗೆ 17ನೇ ವಿಧಿ ತೆರೆಯ ಮೇಲೆ ಬರುತ್ತದೆ. ಅದು ಬರೆದ ನಿಯಮ. ಆಮೇಲೆ ಕೆಲವು ಆಟಗಾರರಿಗೆ ಗುಟ್ಟಾಗಿ ಒಂದೊಂದು ಚೀಟಿ ಹೋಗುತ್ತದೆ. ಅದರಲ್ಲಿ ಬರೆಯದ ನಿಯಮ ಇದೆ. ಆ ನಿಯಮವನ್ನು ಅವರು ಪಾಲಿಸಬೇಕು, ಬಾಯಿಬಿಟ್ಟು ಹೇಳಬಾರದು. ಹೇಳದೆ ಪಾಲಿಸಿದಷ್ಟೂ ಅವರಿಗೆ ಅಂಕ. ಉಳಿದವರು ಊರಲ್ಲಿ ನಡೆಯುತ್ತಾರೆ. ಎಲ್ಲೋ ಒಂದು ಕಡೆ ಕಾಲು ಮುಂದಕ್ಕೆ ಹೋಗುವುದಿಲ್ಲ, ಯಾಕೆ ಎಂದು ಗೇಮು ಹೇಳುವುದಿಲ್ಲ. ಒಂಟಿಯಾಗಿ ಕೇಳಲು ಹೋದವರು ಹುಲಿಯ ಬಾಯಿಗೆ ಬಿದ್ದ ಕುರಿ. ಬೆನ್ನಿಗೆ ನಾಲ್ಕು ಜನ ನಿಂತು ಕೇಳಿದರೆ ಚೀಟಿ ಹಿಡಿದವನು ಉತ್ತರ ಕೊಡಲೇಬೇಕು. ಅವನು ಬಾಯಿಬಿಟ್ಟು ಹೇಳಿದ ಕ್ಷಣ ಆ ನಿಯಮ ಎಲ್ಲರ ತೆರೆಯ ಮೇಲೂ ಅಕ್ಷರವಾಗಿ ಬೀಳುತ್ತದೆ. 17ನೇ ವಿಧಿಯ ಪಕ್ಕದಲ್ಲೇ ನಿಂತು ಅದು ತಾನೇ ನಾಚಿ ಸಾಯುತ್ತದೆ. ಹೇಳಿದವನು ಅಂಕ ಕಳೆದುಕೊಳ್ಳುತ್ತಾನೆ. ಈ ನಷ್ಟ ಮುಖ್ಯ. ತನ್ನ ಅಂಕ ಹೋದರೂ ಹೇಳುತ್ತೇನೆ ಎಂದು ಯಾರು ಮುಂದೆ ಬರುತ್ತಾರೆ ಎಂಬುದೇ ಈ ಆಟದ ಜೀವ. ಇಲ್ಲಿ ಹುಲಿ ಅಂದರೆ ಯಾವ ಮನುಷ್ಯನೂ ಅಲ್ಲ, ಚೀಟಿಯಲ್ಲಿರುವ ಆ ನಿಯಮ.

ಕೆಲವು ಗೆಳೆಯರು ಬೇರೆ ಸಲಹೆ ಕೊಟ್ಟರು. ಮೇಲ್ಜಾತಿಯ ವಿದ್ಯಾರ್ಥಿಗೆ ಅರ್ಧ ಗಂಟೆ ದಲಿತನ ಪಾತ್ರ ಕೊಡಿ, ನೋವು ಅರ್ಥವಾಗುತ್ತದೆ ಅಂದರು. ನಾವು ಒಪ್ಪಲಿಲ್ಲ. ಅರ್ಧ ಗಂಟೆ ಅತ್ತು, ಗುಂಡಿ ಒತ್ತಿ ಹೊರಬಂದು, "ಅಬ್ಬಾ, ಎಂಥ ಅನುಭವ" ಅನ್ನುವವನಿಗೆ ನಮ್ಮ ಕೇರಿ ಪ್ರವಾಸದ ಜಾಗವಾಗಬಾರದು. ಅವನು ತನ್ನ ಚೀಟಿಯನ್ನು ಓದಲಿ ಸಾಕು. ಇನ್ನೊಂದು ಮಾತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಗೇಮಿನಲ್ಲಿ ಸತ್ತವನು ಮತ್ತೆ ಎದ್ದು ಬರುತ್ತಾನೆ, ಅವರು ಬರಲಿಲ್ಲ. ಅಂಥದ್ದನ್ನು ದಾಟಿ ಹೋಗುವ ಒಂದು ಹಂತವನ್ನಾಗಿ ಮಾಡುವ ಗೇಮನ್ನು, ಅದು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ, ನಾವು ಧಿಕ್ಕರಿಸುತ್ತೇವೆ.

ಇಷ್ಟನ್ನು ನೋಟ್ ಬುಕ್ಕಿನಲ್ಲಿ ಬರೆದು ಮುಗಿಸಿದಾಗ ನಮ್ಮಲ್ಲೊಬ್ಬಳು ಸಿಟ್ಟಾದಳು. "ಆಟದಲ್ಲೂ ಅದೇನಾ? ಬೆಳಗಿಂದ ಸಂಜೆಗಂಟ ಅದನ್ನೇ ಉಂಡು, ರಾತ್ರಿ ಆಡಕ್ಕೆ ಕೂತ್ರೂ ಅದೇನಾ? ನನ್ನ ಕನಸಲ್ಲಿ ನಾನು ಹಾರಾಡ್ಬೇಕು ಕಣ್ರಪ್ಪ. ಅದಕ್ಕೆ ನಿಮ್ಮ ಗೇಮಲ್ಲಿ ಜಾಗ ಎಲ್ಲದೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಬಂಡಾಯದ ಬರವಣಿಗೆಯ ಮೇಲೆ ಹೊರಗಿನವರು ಹೊರಿಸುವ ಆರೋಪವನ್ನು ಒಳಗಿನವಳೇ ಬೇರೆ ದನಿಯಲ್ಲಿ ಹೇಳಿದ್ದಳು. ನೋವನ್ನು ಬಿಟ್ಟು ಬೇರೇನೂ ನಮಗೆ ಗೊತ್ತಿಲ್ಲವೇ? ಜಿನನಾಥಪುರದ ಹುಡುಗ ಫೋನು ಹಿಡಿದದ್ದೂ ನೋವನ್ನು ಮತ್ತೊಮ್ಮೆ ಓದಲು ಅಲ್ಲವಲ್ಲ.

ಅವಳು ಹೇಳಿದ ಮೇಲೆ ಗೇಮಿನ ಅರ್ಧವನ್ನು ಹೊಡೆದು ಹಾಕಿ ಮತ್ತೆ ಬರೆದೆವು. ಈಗ ಅದು ಹೀಗಿದೆ. ಒಂದು ನಿಯಮ ಬಿದ್ದರೆ ಅಂಕ ಬರುವುದಿಲ್ಲ, ಬಂಗಾರ ಬರುವುದಿಲ್ಲ, ಆ ಜಾಗ ತೆರೆದುಕೊಳ್ಳುತ್ತದೆ. ಬಾವಿಯ ನಿಯಮ ಬಿದ್ದರೆ ಬಾವಿಗೆ ದುಮುಕಿ ಈಜಬಹುದು, ಎಷ್ಟು ಹೊತ್ತು ಬೇಕಾದರೂ. ಕಟ್ಟೆಯ ನಿಯಮ ಬಿದ್ದರೆ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಹಾಡು ಹೇಳಬಹುದು. ತಮಟೆಯನ್ನು ಯಾರ ಸಾವಿಗೂ ಯಾರ ಜಾತ್ರೆಗೂ ಅಲ್ಲದೆ ಸುಮ್ಮನೆ, ಕುಣಿಯಬೇಕು ಅನ್ನಿಸಿದ್ದಕ್ಕೆ ಬಡಿಯಬಹುದು. ಕೆರೆ ಏರಿಯಿಂದ ಓಡಿ ಬಂದು ನೆಗೆದರೆ ಸ್ವಲ್ಪ ಹೊತ್ತು ಹಾರಬಹುದು, ಅದು ಅವಳ ಪಾಲು. ಯಾವ ಕೆಲಸಕ್ಕೂ ಬಾರದ ಸುಖ ಇದು. ನಮ್ಮ ಅವ್ವಂದಿರಿಗೆ ಇಂಥ ಸುಖ ಎಂದೂ ಸಿಕ್ಕಿಲ್ಲ. ಊರಿನ ಎಲ್ಲ ಜಾಗವೂ ತೆರೆದ ದಿನ ಗೇಮಿನಲ್ಲಿ ಮಾಡಲು ಏನೂ ಉಳಿಯುವುದಿಲ್ಲ, ಸುಮ್ಮನೆ ಆಡುವುದೊಂದೇ. ಆವತ್ತು ಅದು ನಿಜವಾದ ಆಟ.

ಇದನ್ನು ಯಾರು ಮಾಡುತ್ತಾರೆ ಎಂದು ಕೇಳಬಹುದು. ದುಡ್ಡಿಲ್ಲದೆ ಸಿಗುವ ಸಲಕರಣೆಗಳು ಇವೆ. ಗೋಡೋ ಎಂಬ ಗೇಮು ಕಟ್ಟುವ ತಂತ್ರಾಂಶವನ್ನು 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟರು. 2023ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಒಡೆಯದೆ ಕೂರುವ ಏರ್ಪಾಡಿದೆ. ಬಿಸಿಎ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಕೈ ಹಾಕಬೇಕು. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಹಳ್ಳಿಯ ಶಾಲೆಯ ಮೇಷ್ಟ್ರುಗಳು ಇದನ್ನು ಕಾಗದದ ಚೀಟಿಯಲ್ಲಿ ನಾಳೆಯೇ ಆಡಿಸಬಹುದು. ಇದ್ದಿಲಿನಲ್ಲಿ ನೆಲದ ಮೇಲೆ ಊರಿನ ನಕ್ಷೆ ಎಳೆಯಿರಿ. ಮಕ್ಕಳಿಗೆ ಮೊದಲು ಹುಲಿ-ಕುರಿ ಕಲಿಸಿ, ಆಮೇಲೆ ಚೀಟಿ ಹಂಚಿ. ಯಾವ ಮಗುವಿಗೂ ಅದರ ಹುಟ್ಟಿನ ಪಾತ್ರವನ್ನೇ ಕೊಡಬೇಡಿ, ಚೀಟಿ ಎತ್ತಿಸಿ.

ಚೀಟಿಯಲ್ಲಿ ಏನು ಬರೆಯುವುದು? ಅದನ್ನು ನಾವು ಮೂವರು ಕೂತು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಓದುತ್ತಿರುವ ನೀವು ನಿಮ್ಮೂರಿನ ಬರೆಯದ ನಿಯಮಗಳನ್ನು, ಒಂದೊಂದನ್ನು ಒಂದೊಂದು ಸಾಲಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಊರಿನ ಹೆಸರು ಬೇಡ, ಜನರ ಹೆಸರು ಬೇಡ. ಕಂಪ್ಯೂಟರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿರಲಿ: ಯಾರು, ಎಲ್ಲಿಗೆ ಬಂದರೆ, ಏನಾಗುತ್ತದೆ. "ಮೊದ್ಲಿಂದ ಹಂಗೇ" ಎಂದು ಮಾತ್ರ ಬರೆಯಬೇಡಿ.